ಅಮ್ಮನ ಬಗ್ಗೆ ಹೇಳಿ

ಉಡುಪಿಯಲ್ಲಿ ಅಮ್ಮ ತೀರಿಕೊಂಡಾಗ ನನ್ನ ಪಾಸ್‌ಪೋರ್ಟ್ ನವೀಕರಣಕ್ಕೆ ಹೋಗಿತ್ತು. ಕುವೈತಿನಿಂದ ಹೊರಡಲಾಗಲಿಲ್ಲ. ಚಿತೆಗೆ ಬೆಂಕಿ ಇಟ್ಟದ್ದನ್ನು ಮೊಬೈಲಿನಲ್ಲಿ ನೋಡಿದೆ. ಅದೂ ಫೋನ್ ಓರೆಯಾಗಿ ಅರ್ಧಕ್ಕರ್ಧ ಆಕಾಶವೇ ಕಂಡಿತು.

ಕುವೈತಿನಲ್ಲೇ ಇರುವ ಊರಿನವರೆಲ್ಲ ಮಹಬೂಲಾದ ನಮ್ಮ ಫ್ಲ್ಯಾಟಿಗೆ ಬಂದರು. ಒಳ್ಳೆಯ ಜನ, ಗಂಜಿ, ಚಟ್ನಿ ತಂದು ನನಗೆ ಒಲೆ ಹಚ್ಚಲು ಬಿಡಲಿಲ್ಲ. ಆದರೆ ಬಾಯಿ ಮುಚ್ಚಿ ಕೂರುವುದು ನಮ್ಮವರ ಜಾಯಮಾನದಲ್ಲೇ ಇಲ್ಲ. "ಪ್ರಾಯ ಎಷ್ಟಾಗಿತ್ತು? ಶುಗರ್ ಇತ್ತಾ? ಹಾಸಿಗೆ ಹಿಡಿಯದೆ ಹೋದ್ರಲ್ಲ ಮಾರಾಯ್ತಿ, ಪುಣ್ಯವಂತೆ!" ಆಮೇಲೆ ಮಕ್ಕಳ ಟ್ಯೂಷನ್, ವಿಮಾನದ ಟಿಕೆಟ್. ಸಾವಿನ ಮನೆಯಲ್ಲಿ 'ಬರ್ತೇನೆ' ಅನ್ನಬಾರದಲ್ಲ, ಹೊರಡುವಾಗ ಮಾತ್ರ ಸುಮ್ಮನೆ ಎದ್ದು ಹೋದರು.

ಮರುದಿನ ಸಂಜೆ ನಮ್ಮ ಸಾಹೇಬರು ಬಂದರು. ಶುಐಬಾದ ನಮ್ಮ ಕಂಪನಿಯಲ್ಲಿ ಎಂಜಿನಿಯರ್, ಫ್ರಾನ್ಸಿನವರು. ನಾನು ಅವರ ಸೆಕ್ರೆಟರಿ. ಒಂದು 'ಸಾರಿ' ಕೂಡ ಇಲ್ಲ. ಕುರ್ಚಿಯಲ್ಲಿ ಕೂತರು, ಕೂತೇ ಇದ್ದರು. ಚಹಾ ಕೊಟ್ಟೆ, ಎಸಿ ಜಾಸ್ತಿ ಮಾಡಿದೆ. ಊಹೂಂ. ಗಂಡ ನನ್ನನ್ನು ಅಡುಗೆಮನೆಗೆ ಕರೆದು, "ಇವರಿಗೆ ಎಂತ ಆಗಿದೆ? ಬಾಯಿ ಬರುದಿಲ್ವಾ?" ಎಂದರು. ನನಗೂ ರೇಗಿತ್ತು. ಹೊರಗೆ ಬಂದು, "ಸರ್, ನಿಮಗೆ ಏನಾದರೂ ಬೇಕಿತ್ತಾ?" ಎಂದು ಕೇಳಿಯೇ ಬಿಟ್ಟೆ.

ಆಗ ಬಾಯಿ ತೆರೆದರು. ತಾವು ಯಹೂದಿ, ಇಲ್ಲಿ ಅದನ್ನು ಯಾರಿಗೂ ಹೇಳಿಕೊಳ್ಳುವುದಿಲ್ಲ ಎಂದರು. ಅವರಲ್ಲಿ ಸತ್ತವರ ಮನೆಯವರು ಏಳು ದಿನ ಮನೆಯಲ್ಲೇ ಕೂರುತ್ತಾರಂತೆ. ನೋಡಲು ಬಂದವರು ತಾವಾಗಿ ಮಾತು ಎತ್ತಬಾರದು. ದುಃಖದಲ್ಲಿರುವವರು ಹೇಳಿದರೆ ಕೇಳಬೇಕು, ಅಷ್ಟೇ. "ನಿಮ್ಮ ಅಮ್ಮನ ಬಗ್ಗೆ ಹೇಳಿ," ಎಂದರು.

ಅಯ್ಯೋ ದೇವರೇ, ಅಷ್ಟು ಜನ ಬಂದು ಹೋದರೂ ಇದೊಂದನ್ನು ಯಾರೂ ಕೇಳಿರಲಿಲ್ಲ! ಅಮ್ಮನ ಬಂಗುಡೆ ಮೀನಿನ ಸಾರಿನ ಬಗ್ಗೆ ಹೇಳಿದೆ. ಶಾಲೆಗೆ ಹೊರಡುವಾಗ ಜಡೆ ಹೆಣೆಯುತ್ತ ತಲೆಗೆ ಮೊಟಕುತ್ತಿದ್ದದ್ದನ್ನು ಹೇಳಿದೆ. ಅವರು ಕೇಳುತ್ತಲೇ ಇದ್ದರು. ನಾನು ನಿಲ್ಲಿಸಿದಾಗ, "ವಯಸ್ಸಾದ ಮೇಲೆ ಹೇಗಿದ್ದರು? ಯಾವುದಕ್ಕೆ ನಗುತ್ತಿದ್ದರು?" ಎಂದರು.

ನನಗೆ ಗೊತ್ತಿರಲಿಲ್ಲ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ನಮ್ಮಿಬ್ಬರ ನಡುವೆ ಇದ್ದದ್ದು ಶುಕ್ರವಾರದ ಫೋನ್. ಊಟ ಆಯ್ತಾ, ಮಾತ್ರೆ ತೆಗೊಂಡ್ಯಾ, ಅಲ್ಲಿ ಸೆಕೆ ಉಂಟಾ. ರಜೆಯಲ್ಲಿ ಹೋದರೆ ಗಂಡನ ಮನೆ, ಯಾರದೋ ಮದುವೆ, ಬಟ್ಟೆ ಅಂಗಡಿ. ಅಮ್ಮನ ಪಕ್ಕದಲ್ಲಿ ಸುಮ್ಮನೆ ಕೂತದ್ದು ನೆನಪಿಗೇ ಬರಲಿಲ್ಲ. ನಾಚಿಕೆಯಾಯಿತು.

ಅವರು ಹೋದ ಮೇಲೆ, ಊರಿನಲ್ಲಿ ಅಮ್ಮನ ಜೊತೆಗಿದ್ದ ಅಣ್ಣನ ಹೆಂಡತಿಗೆ ಫೋನ್ ಮಾಡಿದೆ. "ಅತ್ತಿಗೆ, ಅಮ್ಮ ಯಾವುದಕ್ಕೆ ನಗ್ತಾ ಇದ್ದದ್ದು?"

"ಅತ್ತೆಯಾ? ನಾನು ಮಗುಚುವಾಗ ದೋಸೆ ಹರಿದ್ರೆ ಸಾಕು, ಹೊಟ್ಟೆ ಹಿಡ್ಕೊಂಡು ನಗುದು," ಎಂದವರೇ ಬಿಕ್ಕಿ ಬಿಕ್ಕಿ ಅತ್ತರು. "ಬಂದವರೆಲ್ಲ ನಿಮ್ಮ ಅಣ್ಣನನ್ನೇ ಸಮಾಧಾನ ಮಾಡಿದ್ದು. ನನ್ನ ಹತ್ರ ಕುಡಿಲಿಕ್ಕೆ ನೀರು ಕೇಳಿದ್ರು, ಅಷ್ಟೆ."

ಈ ವಾರ ತಾಯಿಯನ್ನು ಕಳೆದುಕೊಂಡವರು ಅತ್ತಿಗೆ. ನಾನು ಕಳೆದುಕೊಂಡು ಎಷ್ಟೋ ವರ್ಷವಾಗಿತ್ತು, ನನಗೇ ಗೊತ್ತಾಗಿರಲಿಲ್ಲ.