ಚಂದ್ರಿ ಹೋದ ಮರುದಿನ

ಫಿನಾಯಿಲಿನ ವಾಸನೆ ಎಲ್ಲಿ ಬಂದರೂ ನನಗೆ ಕೊಣ್ಣೂರಿನ ನಮ್ಮ ಮನೆಯ ಹಿತ್ತಲು ಕಾಣುತ್ತದೆ. ಅವ್ವ ದನದ ಡಾಕ್ಟರು. ಸಂಜೆ ಹಿತ್ತಲ ಬಾಗಿಲಿನಿಂದಲೇ ಒಳಗೆ ಬರುತ್ತಿದ್ದಳು. ಅವಳ ಸೀರೆಯಲ್ಲಿ ಫಿನಾಯಿಲು, ಸೆಗಣಿ, ಹಸಿಮೇವು ಎಲ್ಲವೂ ಬೆರೆತು ಬರುತ್ತಿದ್ದವು. ದನ ಉಳಿದ ದಿನ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುವಳು. ಸತ್ತ ದಿನ ಕೂರುತ್ತಲೇ ಇರಲಿಲ್ಲ. ತುಂಬಿದ ಕೊಡ ಚೆಲ್ಲಿ ಮತ್ತೆ ತುಂಬುವಳು, ಮಡಿಚಿಟ್ಟ ಬಟ್ಟೆ ಬಿಚ್ಚಿ ಮತ್ತೆ ಮಡಿಚುವಳು. ಅಪ್ಪನ ತಾಯಿ, ನಮ್ಮ ಆಯಿ, ರೊಟ್ಟಿ ಬಡಿಯುತ್ತಲೇ, “ಒಂದ್ ಕಡೆ ಕುಂದರ ಶಾಂತಾ, ನನಗ ತಲಿ ತಿರಗತೈತಿ” ಎನ್ನುತ್ತಿದ್ದಳು. ಹೀಗೆ ಚಡಪಡಿಸುವ ಜೀವವೊಂದು ನಿಮ್ಮ ಮನೆಯಲ್ಲೂ ಇದ್ದಿದ್ದರೆ ನಿಮಗೆ ಗೊತ್ತು, ಮಕ್ಕಳಿಗೂ ಅಂಥ ಸಂಜೆ ಊಟ ಇಳಿಯುವುದಿಲ್ಲ.

ಆಯಿಗೆ ಚಂದ್ರಿ ಎಂಬ ಎಮ್ಮೆ ಇತ್ತು. ನಾನು ಐದನೆಯ ತರಗತಿಯಲ್ಲಿದ್ದಾಗ ಅದು ಇದ್ದಕ್ಕಿದ್ದಂತೆ ನೀರು ಮುಟ್ಟದಾಯಿತು. ಬಾಯಿಂದ ಜೊಲ್ಲು ಸುರಿಸುತ್ತ ಒಡೆದ ದನಿಯಲ್ಲಿ ಒಂದೇ ಸಮನೆ ಒದರತೊಡಗಿತು. ಮೇಯಲು ಹೋದಲ್ಲಿ ಹುಚ್ಚುನಾಯಿ ಕಚ್ಚಿದ್ದು ನಮಗೆ ತಿಳಿದಿರಲಿಲ್ಲ. ಅವ್ವ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ನೋಡಿ ನಮ್ಮನ್ನೆಲ್ಲ ಹಿಂದಕ್ಕೆ ತಳ್ಳಿದಳು.

“ಊರ ದನಾ ಉಳಸ್ತಿ, ಇದಕ್ಕೂ ಒಂದ್ ಸೂಜಿ ಹಾಕ,” ಎಂದಳು ಆಯಿ.

“ಇದಕ್ಕ ಔಷಧ ಇಲ್ರಿ ಅತ್ತಿ. ಹಂಗ ಬಿಟ್ರ ನರಳಿ ನರಳಿ ಸಾಯ್ತೈತಿ.”

ಗೋಕಾಕದಿಂದ ಬೇರೆ ಡಾಕ್ಟರನ್ನು ಕರೆಸೋಣ ಎಂದರು ಅಪ್ಪ. “ಹೊಸಬರನ್ನ ಕಂಡ್ರ ಅಂಜತೈತಿ, ನಾನ ಮಾಡ್ತೇನಿ,” ಎಂದ ಅವ್ವ ಕೈಗವಸು ತೊಟ್ಟು, ಸೂಜಿ ಹಿಡಿದು ಒಳಗೆ ಹೋದಳು. ಸ್ವಲ್ಪ ಹೊತ್ತಿಗೆ ಒದರುವುದು ನಿಂತಿತು. ಹಾಲು ಕುಡಿದವರೆಂದು ನಮಗೆಲ್ಲ ಚುಚ್ಚುಮದ್ದು ಹಾಕಿಸಿದಳು. ತೋಳು ಚಾಚಿದಾಗಲೂ ಆಯಿ ಅವಳತ್ತ ನೋಡಲಿಲ್ಲ.

ಮರುದಿನ ಅಂಕಲಗಿಯಿಂದ ಕರೆ ಬಂತು; ಅಲ್ಲೊಂದು ಆಕಳು ಈಯಲಾರದೆ ಒದ್ದಾಡುತ್ತಿತ್ತು. ಅವ್ವ ಹೋದಳು. ಮಧ್ಯಾಹ್ನ ಬಂದವಳು ಕರು ಬದುಕಿತೆಂದು ಹೇಳಹೋಗಿ, ಹೇಳಲಾಗದೆ, ಅಡುಗೆಮನೆಯ ಹೊಸ್ತಿಲ ಮೇಲೆ ಕುಸಿದು ಅಳತೊಡಗಿದಳು. ಚಂದ್ರಿ ಸತ್ತಾಗ ಬಾರದ ಅಳು. ಆಯಿ ಹಿಟ್ಟಿನ ಕೈಯಲ್ಲೇ ಎದ್ದು ಬಂದು ಪಕ್ಕದಲ್ಲಿ ಕುಳಿತಳು. “ನಿನ್ನಿಯಿಂದ ಉಂಡಿಲ್ಲ ನೀ,” ಎಂದು ರೊಟ್ಟಿ ಮುರಿದು ಅವಳ ಬಾಯಿಗಿಟ್ಟಳು.

ಈಗ ಆಯಿ ಇಲ್ಲ, ಅವ್ವನೂ ಇಲ್ಲ. ಮನೆ ಕೆಡವಿ ಅಂಗಡಿಗಳನ್ನು ಕಟ್ಟಿದ್ದಾರೆ. ಆ ಕಡೆ ಹೋದಾಗ ವಯಸ್ಸಾದವರು ನನ್ನನ್ನು ಗುರುತಿಸಿ, “ನಿಮ್ಮವ್ವ ನಮ್ಮ ಆಕಳ ಉಳಿಸಿದ್ರು ನೋಡ್ರಿ,” ಎನ್ನುತ್ತಾರೆ. ಉಳಿಯದೆ ಹೋದವುಗಳ ಮಾತು ಯಾರೂ ಎತ್ತುವುದಿಲ್ಲ. ಅವೆಲ್ಲ ಅವಳೊಬ್ಬಳಿಗೇ ನೆನಪಿದ್ದವು, ಅವಳೊಂದಿಗೇ ಹೋದವು.