ಕ್ಷಮೆ ಕೇಳಿದಾಗಲೂ ನಕ್ಕರು

ಮುದ್ದೇಬಿಹಾಳದಲ್ಲಿ ನಮ್ಮದೊಂದು ಬಟ್ಟೆ ಅಂಗಡಿ ಇದೆ. ಆದರೆ ಸುತ್ತಲಿನ ಜನ ನನ್ನ ಗಂಡನನ್ನು ಗುರುತಿಸುವುದು ಹಾಸ್ಯ ಹೇಳುವವರೆಂದೇ. ಗಣಪತಿ ಹಬ್ಬ, ಕಾಲೇಜಿನ ಗ್ಯಾದರಿಂಗ್, ಎಲ್ಲಿ ಕರೆದರೂ ಹೋಗುತ್ತಿದ್ದರು. ಅವರ ಮುಖವೇ ಹಾಗಿದೆ. ಎಡಗಡೆಯ ಹುಬ್ಬು ತುಸು ಮೇಲೆ, ತುಟಿ ಸದಾ ಏನೋ ಹೇಳಲು ಹೊರಟ ಹಾಗೆ. ಸತ್ತವರ ಮನೆಗೆ ಮಾತಾಡಿಸಲು ಹೋದಾಗ ಅವರು ಹಿಂದೆ ನಿಲ್ಲುತ್ತಿದ್ದರು, ಯಾರಾದರೂ ನಕ್ಕಾರು ಎಂದು.

ಹೋದ ವರ್ಷ ಸಿಂದಗಿಯ ಒಂದು ಓಣಿಯ ಗಣಪತಿಗೆ ಕರೆದಿದ್ದರು. ನಾನೂ ಹೋಗಿದ್ದೆ. ಮುಂದಿನ ಸಾಲಿನಲ್ಲಿ ನಮ್ಮ ಭಾಗದ ಒಬ್ಬ ರಾಜಕಾರಣಿ ಕೂತಿದ್ದರು. ಆ ಬೇಸಿಗೆಯಲ್ಲಿ ಅವರ ತಾಯಿ ತೀರಿಕೊಂಡಿದ್ದರು. ಅದಕ್ಕೂ ಮೊದಲು ಪಕ್ಷ ಟಿಕೆಟ್ ಕೊಡದಿದ್ದಾಗ ಅವರು ಕ್ಯಾಮೆರಾ ಮುಂದೆ ಅತ್ತದ್ದನ್ನು ಎಲ್ಲರೂ ನೋಡಿದ್ದರು. ನನ್ನ ಗಂಡ ಮೈಕಿನಲ್ಲಿ, "ನಮ್ಮ ಸಾಹೇಬ್ರು ಅವ್ವ ಹೋದಾಗ ಕರ್ಚೀಪ್ ತೋಯಿಸಿದ್ರು. ಟಿಕೆಟ್ ಹೋದಾಗ ಟಾವೆಲ್ ತೋಯಿಸಿದ್ರು" ಎಂದರು. ಪೆಂಡಾಲಿಗೆ ಪೆಂಡಾಲೇ ನಕ್ಕಿತು. ಸಾಹೇಬರೂ ತೊಡೆ ತಟ್ಟಿಕೊಂಡು ನಕ್ಕರು.

ಮರುದಿನ ಅಷ್ಟು ಮಾತನ್ನೇ ಕತ್ತರಿಸಿದ ವಿಡಿಯೊ ಎಲ್ಲರ ಮೊಬೈಲಿಗೆ ಬಂತು. ಸಾಹೇಬರು ನಕ್ಕದ್ದು ಅದರಲ್ಲಿ ಇರಲಿಲ್ಲ. ಸತ್ತ ತಾಯಿಗೆ ಅವಮಾನ ಎಂದು ಕೆಳಗೆ ಬರೆದಿದ್ದರು. ಬೈಗುಳ ಬಂದವು. ಯಾವುದೋ ದೂರದ ಊರುಗಳಿಂದ, ನೀವು ಧೈರ್ಯವಂತರು, ಹಿಂದೆ ಸರಿಯಬೇಡಿ ಎಂದೂ ಬಂದವು. ಬೈದವರಾಗಲಿ ಹೊಗಳಿದವರಾಗಲಿ ಆ ದಿನ ಸಿಂದಗಿಗೆ ಬಂದವರಲ್ಲ.

ಆಮೇಲೆ ಒಂದು ಗುಂಪು ಅಂಗಡಿಯ ಮುಂದೆ ಬಂದು ಘೋಷಣೆ ಕೂಗಿತು. ಸೀರೆ ಉಡಿಸಿ ನಿಲ್ಲಿಸಿದ್ದ ಗೊಂಬೆಯನ್ನು ಹೊರಗೆಳೆದು ಅದಕ್ಕೆ ಚಪ್ಪಲಿ ಹಾರ ಹಾಕಿದರು. ಮಕ್ಕಳ ಯೂನಿಫಾರ್ಮಿನ ಬಟ್ಟೆಯನ್ನು ನಮ್ಮಲ್ಲೇ ಒಯ್ದ ಇಬ್ಬರು ಆ ಗುಂಪಿನಲ್ಲಿದ್ದರು. ನಮ್ಮ ಮನೆ ಅಂಗಡಿಯ ಮೇಲೆಯೇ. ಕಿಟಕಿಯಿಂದ ಎಲ್ಲವನ್ನೂ ನೋಡಿದೆ. ಹೆದರಿಕೆ ಆಗಬೇಕಿತ್ತು. ಗೊಂಬೆಗೆ ಉಡಿಸಿದ ಸೀರೆಯ ನೆರಿಗೆ ಬಿಚ್ಚಿಹೋಯಿತಲ್ಲ ಎಂದಷ್ಟೇ ಅನಿಸಿತು. ಅವರು ಹೋದ ಮೇಲೆ ಕೆಳಗಿಳಿದು ಅದನ್ನು ಮಡಚಿಟ್ಟೆ.

ಇಂಡಿಯಲ್ಲಿ ನಿಂಬೆಹಣ್ಣಿನ ವ್ಯಾಪಾರ ಮಾಡುವ ಭಾವ, ನನ್ನ ಗಂಡನ ಅಣ್ಣ, ಸುದ್ದಿ ಕೇಳಿ ಬಂದರು. "ತಪ್ಪಾತು ಅಂತ ಒಂದ್ ವಿಡಿಯೊ ಮಾಡಿ ಬಿಡು. ಮುಗದ್ ಹೋಗ್ಲಿ" ಎಂದರು.

ಮೊಬೈಲ್ ನಾನು ಹಿಡಿದೆ. ಗೋಡೆಗೆ ಬೆನ್ನು ಮಾಡಿ ನಿಂತ ನನ್ನ ಗಂಡ, "ನನ್ನ ಮಾತಿನಿಂದ ಯಾರಿಗಾದರೂ ನೋವಾಗಿದ್ದರೆ..." ಎನ್ನುವುದರೊಳಗೆ ಭಾವ ಬಾಯಿಗೆ ಟಾವೆಲ್ ಒತ್ತಿಕೊಂಡು ನಕ್ಕುಬಿಟ್ಟರು.

"ಮಾರಿ ಸ್ವಲ್ಪ ಸುಮ್ನ ಇಟ್ಕೊಳ್ಳೋ."

"ಸುಮ್ನ ಇಟ್ಟೇನಿ, ಅಣ್ಣಾ."

"ರೀ, ಹುಬ್ಬು ಇಳಸ್ರಿ" ಎಂದೆ ನಾನು. ಅವರು ಬೆರಳಿನಿಂದ ಹುಬ್ಬನ್ನು ಒತ್ತಿ ಹಿಡಿದು ಬಿಟ್ಟರು. ಅದು ಮತ್ತೆ ಮೇಲೆ ಹೋಯಿತು. ಹಾಗೆಯೇ ಮಾಡಿ ಕಳಿಸಿದೆವು.

ಅದನ್ನು ನೋಡಿಯೂ ಜನ ನಕ್ಕರು. ಕ್ಷಮೆ ಕೇಳುವಾಗಲೂ ಅಣಕಿಸುತ್ತಾನೆ ಎಂದು ಸಿಟ್ಟು ಇನ್ನಷ್ಟು ಏರಿತು. ಕೊನೆಗೆ ಭಾವನೇ ನಮ್ಮನ್ನು ಬಸವನ ಬಾಗೇವಾಡಿಗೆ, ಸಾಹೇಬರ ಮನೆಗೆ ಕರೆದುಕೊಂಡು ಹೋದರು.

"ಬರ್ರಿ, ಕುಂಡರ್ರಿ" ಎಂದರು ಸಾಹೇಬರು. "ನನಗೇನ್ ಸಿಟ್ಟಿಲ್ರಿ. ಅವತ್ತ ನಾನೂ ನಕ್ಕೇನಿ. ಆದ್ರ ನಮ್ಮ ಹುಡುಗರು ಕೇಳಾಕ ತಯಾರಿಲ್ಲ." ನನ್ನ ಗಂಡ ಅವರ ತಾಯಿಯ ಫೋಟೊಕ್ಕೆ ಕೈಮುಗಿದು ನಿಂತರು. ಅಲ್ಲಿದ್ದವರು ಅದನ್ನು ಮೊಬೈಲಿನಲ್ಲಿ ತೆಗೆದರು. ಬೆನ್ನ ಹಿಂದಿನಿಂದ ತೆಗೆದರು, ಮುಖ ಕಾಣದ ಹಾಗೆ.

ನನ್ನನ್ನು ಸಾಹೇಬರ ಅಕ್ಕ ಒಳಗೆ ಕರೆದು ಕುಂಕುಮ ಹಚ್ಚಿ ಕುಬಸದ ಖಣ ಕೊಟ್ಟರು. ಆಮೇಲೆ ದನಿ ಇಳಿಸಿ, "ನಮ್ಮವ್ವಗ ನಿಮ್ಮ ಮನಿಯವರ ಮಾತಂದ್ರ ಬಾಳ ಸೇರ್ತಿತ್ತು, ತಂಗಿ. ಹಾಸಿಗಿ ಹಿಡದಾಗ ಮೊಬೈಲ್‌ನ್ಯಾಗ ಹಚ್ಚಿ ಕೊಡು ಅಂತಿದ್ಲು. ನನ್ನ ತಮ್ಮ ಸಣ್ಣಂವ ಇದ್ದಾಗಿಂದ ಅಳುಬುರಕ ಅಂತ ಅಕೀನ ನಗತಿದ್ಲು" ಎಂದರು.

"ಇದನ್ನ ನೀವು ಹೊರಗ ಹೇಳಬಾರದೇನ್ರಿ, ಅಕ್ಕಾರ?"

"ಹೆಂಗ ಹೇಳ್ಲಿ? ಈಗ ಅವ್ವ ಎಲ್ಲಾರ ಅವ್ವ ಆಗ್ಯಾಳ."

ಹಿಂದಿರುಗುವಾಗ ಕಾರಿನಲ್ಲಿ ಇದನ್ನು ಗಂಡನಿಗೆ ಹೇಳಿದೆ. "ಹೌದಾ" ಎಂದರು. ಕಾಲುವೆ ದಾಟಿ, ತೊಗರಿ ಹೊಲಗಳನ್ನು ದಾಟಿ ಊರಿಗೆ ಬಂದೆವು.

ಕೈಮುಗಿದು ನಿಂತ ಆ ಫೋಟೊ ಹರಿದಾಡಿದ ಮೇಲೆ ಗಲಾಟೆ ನಿಂತಿತು. ಗಿರಾಕಿಗಳು ಬರತೊಡಗಿದರು. ಚಪ್ಪಲಿ ಹಾರ ಹಾಕಿದವನೊಬ್ಬ ಹಬ್ಬಕ್ಕೆ ಅಂಗಿ ಬಟ್ಟೆ ಒಯ್ದ. ನನ್ನ ಗಂಡ ಅಳತೆ ಹಾಕಿ ಕತ್ತರಿಸಿ ಕೊಟ್ಟರು. ಕಾರ್ಯಕ್ರಮಕ್ಕೆ ಕರೆದು ಫೋನ್ ಬಂದರೆ ಮೈ ಆರಾಮಿಲ್ಲ ಎನ್ನುತ್ತಿದ್ದರು.

ಮೊನ್ನೆ ಇನ್ನೊಂದು ಚುನಾವಣೆ ಬಂತು. ಈ ಸಲ ಸಾಹೇಬರಿಗೆ ಟಿಕೆಟ್ ಸಿಕ್ಕಿತ್ತು. ಝಳಕಿಯಲ್ಲಿ ಸಭೆ ಇದೆ, ಸಾಹೇಬರು ಬರುವುದು ತಡವಾಗುತ್ತದೆ, ಅಲ್ಲಿವರೆಗೆ ಜನ ಎದ್ದು ಹೋಗದಂತೆ ನಗಿಸಿರಿ ಎಂದು ಅವರ ಕಡೆಯವರೇ ಕೇಳಲು ಬಂದರು. ನನ್ನ ಗಂಡ ಒಲ್ಲೆ ಎನ್ನುತ್ತಾರೆ ಎಂದುಕೊಂಡೆ. ಅಂಗಿ ಬದಲಿಸಿ ಹೊರಟರು.

ಸಂಜೆ ಬಂದು ಕೈಕಾಲು ತೊಳೆದು ಊಟಕ್ಕೆ ಕೂತರು.

"ಏನ್ ಹೇಳಿದ್ರಿ?"

"ಬಿಸಲಿಂದು, ಬಸ್ಸಿಂದು, ಅತ್ತಿ ಸೊಸಿದು."

"ಮಂದಿ?"

"ನಕ್ರು."

ಇನ್ನೊಂದು ರೊಟ್ಟಿ ಹಾಕಿದೆ. ಅವರು ಉಂಡರು.