ಕೆಂಪಮ್ಮನ ಚೀಟಿ

ಸಕ್ಕರೆ ಕಾಯಿಲೆಯ ಸಂಶೋಧನೆಗೆ ಮನೆಮನೆ ತಿರುಗಿ ರಕ್ತ ತೆಗೆಯೋದು ನನ್ನ ಕೆಲಸ. ಹುತ್ರಿದುರ್ಗದ ಹತ್ತಿರ ಕೆಂಪಮ್ಮನ ಮನೆಗೆ ಎರಡನೇ ವರ್ಷ ಹೋದಾಗ, ಆಕೆ ದೇವರ ಫೋಟೋ ಹಿಂದಿನಿಂದ ಒಂದು ಚೀಟಿ ತೆಗೆದು ತಂದರು. ಹೋದ ವರ್ಷ ರಕ್ತ ತೆಗೆದಾಗ ನಾನೇ ಕೊಟ್ಟಿದ್ದ ಸ್ಯಾಂಪಲ್ ನಂಬರಿನ ಚೀಟಿ.

"ಏನ್ ಬಂತವ್ವ ನನ್ ರಕ್ತದಲ್ಲಿ?"

ವರದಿ ಮನೆಯವರಿಗೆ ಕೊಡೋದಿಲ್ಲ ಅಂತ ಒಪ್ಪಿಗೆ ಪತ್ರದ ಮೂರನೇ ಪುಟದಲ್ಲಿತ್ತು. ಅದನ್ನು ಓದಿ ಹೇಳಬೇಕಾದವಳು ನಾನೇ. ಹೋದ ವರ್ಷ ಬಿಸಿಲೇರುತ್ತೆ ಅಂತ, ಓದದೆಯೇ ಹೆಬ್ಬೆಟ್ಟು ಒತ್ತಿಸಿಕೊಂಡು ಹೊರಟುಬಿಟ್ಟಿದ್ದೆ. ಈಗ ಅದನ್ನು ತಡವರಿಸುತ್ತಾ ಹೇಳಿದೆ.

"ಅಯ್ಯೋ, ಕಾಲು ಜೋಮು ಹಿಡೀತಿತ್ತು ಕಣವ್ವ. ಮಗ ಆಸ್ಪತ್ರೆಗೆ ಹೋಗಣ ಅಂದ. ಏನಾರ ಇದ್ರೆ ಆ ಹುಡುಗಿ ಬಂದು ಹೇಳ್ತಾಳೆ ಬುಡು ಅಂತ ನಾನೇ ಸುಮ್ಕಿದ್ದೆ."

ಇವತ್ತೇ ಕುಣಿಗಲ್ ಆಸ್ಪತ್ರೆಗೆ ಹೋಗೋಣ, ನಾನೂ ಬರ್ತೀನಿ ಅಂದೆ. ಮಗ ಇದ್ದಾನೆ, ಅವನ ಜೊತೆ ಹೋಗ್ತೀನಿ ಅಂದರು. ಈ ಸಲ ಪತ್ರದ ಮೂರೂ ಪುಟ ಗಟ್ಟಿಯಾಗಿ ಓದಿದೆ. ಪೂರ್ತಿ ಕೇಳಿಸಿಕೊಂಡು, ಬೇಡ ಅನ್ನದೆ ಕೈ ಚಾಚಿದರು. ರಕ್ತ ತೆಗೆದ ಮೇಲೆ ಅಭ್ಯಾಸಬಲದಿಂದ ಹೊಸ ಚೀಟಿ ಕೊಟ್ಟೆ. ಅವರು ಅದನ್ನು ವಾಪಸ್ ನನ್ನ ಕೈಯಲ್ಲೇ ಇಟ್ಟರು.

"ಇದನ್ನ ನೀನೇ ಇಟ್ಕೊ ಕಣವ್ವ. ನನ್ ಹತ್ರ ಒಂದೈತೆ."